ಇನಾಯತ್ ಸಾಬರ ಬಲಗೈ

ಚಾಮರಾಜನಗರದಲ್ಲಿ ಶಾಲೆಗೆ ಹೋದವರ ಪೈಕಿ ಅರ್ಧದಷ್ಟು ಮಂದಿಯ ಸೊಂಟದ ಸುತ್ತಳತೆ ಒಂದಲ್ಲ ಒಂದು ಕಾಲದಲ್ಲಿ ಇನಾಯತ್ ಉಲ್ಲಾ ಅವರಿಗೆ ಗೊತ್ತಿತ್ತು. ದೊಡ್ಡಂಗಡಿ ಬೀದಿಯ ತಿರುವಿನಲ್ಲಿರುವ ಅವರ ಹೊಲಿಗೆ ಅಂಗಡಿಗೆ ಪ್ರತಿ ಬೇಸಿಗೆಯ ಕೊನೆಯಲ್ಲಿ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. “ಬೆಳಿಯೋ ಐಕ್ಳು ಸಾಬ್ರೇ, ಮುಂದಿನ್ ವರ್ಸಕ್ಕೂ ಬರಂಗೆ ಒಲೀರಿ” ಎಂಬುದು ಎಲ್ಲ ತಾಯಂದಿರ ಒಂದೇ ಮಾತು. ಹಾಗೆ ದೊಗಲೆ ಚಡ್ಡಿ ತೊಟ್ಟು ಶಾಲೆಗೆ ಹೋದ ಮಕ್ಕಳು ಈಗ ಬಸ್ಸು ಓಡಿಸುತ್ತಾರೆ, ತಾಲ್ಲೂಕು ಕಚೇರಿಯಲ್ಲಿ ಕೂರುತ್ತಾರೆ, ಔಷಧಿ ಅಂಗಡಿ ಇಟ್ಟುಕೊಂಡಿದ್ದಾರೆ. ತಮ್ಮ ಮಕ್ಕಳನ್ನು ಅದೇ ಅಂಗಡಿಗೆ ಕರೆತಂದು ಅದೇ ಮಾತನ್ನು ಹೇಳುತ್ತಾರೆ. ಹೀಗಾಗಿ ಅವರು ಗಾಳೀಪುರದ ಮನೆಯಿಂದ ಸೈಕಲ್ ಏರಿ ಅಂಗಡಿಗೆ ಹೊರಟರೆ ದಾರಿಯುದ್ದಕ್ಕೂ ಪರಿಚಯವಿಲ್ಲದ ಮುಖ ಸಿಗುವುದೇ ಅಪರೂಪವಾಗಿತ್ತು.

ಹೊಲಿಗೆಯನ್ನೂ ಸೈಕಲ್ಲನ್ನೂ ಅವರಿಗೆ ಕಲಿಸಿದವರು ಅವರ ತಂದೆ. ಎರಡಕ್ಕೂ ಶಿಸ್ತು ಬೇಕು ಎನ್ನುತ್ತಿದ್ದರು ಆ ಹಿರಿಯರು. ಸವಾರಿಯಲ್ಲಿರುವವನು ಕಾಲ್ನಡಿಗೆಯವನಿಗೆ ತಾನೇ ಮೊದಲು ಸಲಾಂ ಹೇಳಬೇಕು. ಎತ್ತರದಲ್ಲಿ ಕೂತವನಿಗೆ ಬಿಗುಮಾನ ಬರಬಾರದು. ಗದ್ದಲದಲ್ಲಿ ಬಾಯಿಮಾತು ಕೇಳಿಸದಿದ್ದರೆ ಬಲಗೈ ಹಣೆಯವರೆಗೆ ಹೋಗಬೇಕು. ಗುರುಗಳೋ ಹಿರಿಯರೋ ಎದುರಾದರೆ ಸೈಕಲ್ಲಿನಿಂದ ಇಳಿದೇ ಬಿಡಬೇಕು. ಹುಡುಗನಾಗಿದ್ದಾಗ ಕಲಿತ ಈ ನಿಯಮವನ್ನು ಇನಾಯತ್ ಉಲ್ಲಾ ಅರವತ್ತರ ಹತ್ತಿರ ಬಂದರೂ ಒಂದು ದಿನ ತಪ್ಪಿಸಿದವರಲ್ಲ. ಎದುರಿಗಿದ್ದವನು ಹಿಂದೂವೋ ಮುಸಲ್ಮಾನನೋ, ಬಟ್ಟೆಗೆ ಬಾಕಿ ಇಟ್ಟವನೋ ಇಲ್ಲವೋ ಎಂಬ ಭೇದ ಆ ಬಲಗೈಗೆ ಇರಲಿಲ್ಲ.

ಆಗ ಊರು ಸಣ್ಣದಿತ್ತು. ಎರಡು ಬಸ್ಸುಗಳ ನಡುವೆ ಒಂದು ಎಮ್ಮೆ ನಿಧಾನವಾಗಿ ರಸ್ತೆ ದಾಟಬಹುದಾಗಿದ್ದ ಕಾಲ. ಕೈ ಹಣೆಗೆ ಹೋಗಿ ಮತ್ತೆ ಹ್ಯಾಂಡಲಿಗೆ ಬರುವಷ್ಟು ಹೊತ್ತಿನಲ್ಲಿ ಯಾವ ಅನಾಹುತವೂ ಆಗುತ್ತಿರಲಿಲ್ಲ. ಊರು ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ಕಾಲೇಜುಗಳು ಬಂದವು, ಅವುಗಳ ಹಿಂದೆಯೇ ವಾಹನಗಳು ಬಂದವು. ಸತ್ಯಮಂಗಲದ ಕಡೆಯಿಂದ ತರಕಾರಿ ವ್ಯಾನು, ಬೆಟ್ಟದಷ್ಟು ಕರಿಕಲ್ಲು ಹೊತ್ತ ಲಾರಿ, ಹರವೆ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರು, ಸಂತೆಮರಹಳ್ಳಿಗೆ ಹೊರಟು ಹಿಂದೆ ಮುಂದೆ ಜನರನ್ನು ನೇತುಹಾಕಿಕೊಂಡ ಆಟೋ. ಸಲಾಮಿನ ಉದ್ದ ಮೊದಲಿನಷ್ಟೇ ಇತ್ತು. ಅದಕ್ಕೆ ಬೇಕಾದ ರಸ್ತೆ ಮಾತ್ರ ಕಡಿಮೆಯಾಗುತ್ತ ಬಂದಿತ್ತು.

ಅಪಾಯಗಳ ಅರಿವು ಅವರಿಗೆ ಇರಲಿಲ್ಲವೆಂದಲ್ಲ. ಆಟೋ ಮುಂದೆ ಇದ್ದರೆ ಅದು ಯಾವ ಗಳಿಗೆಯಲ್ಲಾದರೂ ನಿಲ್ಲುತ್ತದೆಂದೇ ತಿಳಿಯಬೇಕು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡವನ ತಲೆ ಯಾವ ಕಡೆ ವಾಲಿದೆಯೋ ಅವನ ಸ್ಕೂಟರೂ ಆ ಕಡೆಗೇ ಬರುತ್ತದೆ. ನಿಂತ ಕಾರಿನೊಳಗೆ ತಲೆ ಕಂಡರೆ ಅದರ ಬಾಗಿಲಿನಿಂದ ದೂರ ಹೋಗಬೇಕು. ಲಾರಿ ತಿರುಗುವಾಗ ಅದರ ಪಕ್ಕದಲ್ಲಿ ಇರಲೇಬಾರದು. ಇವೆಲ್ಲವನ್ನೂ ಅವರು ಪಾಲಿಸುತ್ತಿದ್ದರು. ಆದರೂ ಒಂದು ವರ್ಷದ ಅವಧಿಯಲ್ಲಿ ಅವರು ಮೂರು ಸಲ ಬಿದ್ದರು.

ಮೊದಲನೆಯದು ಪಚ್ಚಪ್ಪ ವೃತ್ತದ ಬಳಿ. ಔಷಧಿ ಅಂಗಡಿಯವನು ಮೆಟ್ಟಿಲ ಮೇಲೆ ನಿಂತು ಕೈ ಮುಗಿದ. ಇವರ ಬಲಗೈ ಮೇಲೆದ್ದಿತು. ಮುಂದಿನ ಆಟೋ ನಿಂತಿತು. ಉಳಿದ ಎಡಗೈ ಹ್ಯಾಂಡಲನ್ನು ತನ್ನ ಕಡೆಗೇ ಎಳೆದುಕೊಂಡು ಸೈಕಲ್ಲನ್ನು ಚರಂಡಿಗೆ ಇಳಿಸಿತು. ಎಲ್ಲರೂ ಸೇರಿ ಆಟೋದವನನ್ನು ಬೈದರು.

ಎರಡನೆಯ ಸಲ ನಿವೃತ್ತ ಮುಖ್ಯೋಪಾಧ್ಯಾಯರಾದ ನೀಲಕಂಠಸ್ವಾಮಿಯವರು ಕೈಚೀಲದಲ್ಲಿ ಬದನೆಕಾಯಿ ತುಂಬಿಕೊಂಡು ಎದುರಿಗೆ ಬರುತ್ತಿದ್ದರು. ಇನಾಯತ್ ಉಲ್ಲಾ ಅವರಿಗೆ ಪಾಠ ಹೇಳಿದ ಗುರುಗಳು. ಕಂಡ ತಕ್ಷಣ ಶಿಷ್ಯರು ಓಡುತ್ತಿದ್ದ ಸೈಕಲ್ಲಿನಿಂದ ರಸ್ತೆಯ ಮಧ್ಯದಲ್ಲೇ ಇಳಿದರು. ಹಿಂದಿನ ಸ್ಕೂಟರು ಬಂದು ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ. ಸ್ಕೂಟರಿನವನು, ಗುರುಗಳು, ಶಿಷ್ಯರು ಮೂವರೂ ಕೂತು ಬದನೆಕಾಯಿ ಆರಿಸಿದರು. ಮೊಣಕಾಲು ಮೊದಲಿನ ಹಾಗಿಲ್ಲ, ಇಳಿಯುವಾಗ ತಡವರಿಸಿತು ಎಂದು ಆ ಸಲ ತೀರ್ಮಾನವಾಯಿತು.

ಮೂರನೆಯದು ನಗುವಂಥದ್ದಾಗಿರಲಿಲ್ಲ. ಭುವನೇಶ್ವರಿ ವೃತ್ತದಲ್ಲಿ ಬಸ್ಸು ಚಾಲಕ ಮಹದೇವಯ್ಯ ತನ್ನ ಆಸನದಿಂದಲೇ ಇವರನ್ನು ಕಂಡು ಪ್ರೀತಿಯಿಂದ ಹಾರನ್ ಹೊಡೆದ. ಅವನು ಒಂದನೇ ತರಗತಿಯಿಂದ ಏಳನೆಯವರೆಗೂ ಇವರು ಹೊಲಿದ ಬಟ್ಟೆಯನ್ನೇ ತೊಟ್ಟವನು. ಇವರ ಕೈ ಹಣೆಗೆ ಹೋಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಕಲ್ಲಿನ ಲಾರಿಯೊಂದು ಹಾದುಹೋಯಿತು. ಸೈಕಲ್ ಎಡಕ್ಕೆ ಎಳೆದುಕೊಂಡು ಹೋಗಿ ಯಶೋದಮ್ಮನವರ ಹೂವಿನ ಕುಕ್ಕೆಗಳ ಮೇಲೆ ಉರುಳಿತು. ಲಾರಿಯ ಹಿಂದಿನ ಚಕ್ರ ಅವರ ಚಪ್ಪಲಿಯೊಂದನ್ನು ಅಪ್ಪಚ್ಚಿ ಮಾಡಿ ಮುಂದೆ ಹೋಯಿತು. ಮೊದಲು ಬಾಯಿ ಬಂದದ್ದು ಯಶೋದಮ್ಮನಿಗೆ.

“ಅಯ್ಯೋ ನನ್ನಪ್ಪ, ಏಳಿ ಸಾಬ್ರೇ. ಕಾಲು ಆಡುಸ್ರೀ ಒಂದ್ಸಲ. ಆ ಕಾಲಲ್ಲ, ಇನ್ನೊಂದು.”

“ನಿಮ್ಮ ಹೂವ ಎಲ್ಲಾ ಹಾಳ್ಮಾಡ್ಬುಟ್ಟೆ ಕಣಮ್ಮ.”

“ಹೂವ ಓದ್ರೆ ನಾಳೀಕ್ ಬತ್ತದೆ. ನೀವು ಓಗಿದ್ರೆ ನಮ್ ಐಕ್ಳ ಚಡ್ಡಿ ಒಲಿಯೋರ್ ಯಾರು?”

ಅವರು ಮನೆಗೆ ಹೋದಾಗ ಗಡ್ಡದಲ್ಲಿ ಎರಡು ಕನಕಾಂಬರ ಸಿಕ್ಕಿಕೊಂಡಿದ್ದವು. ಹೆಂಡತಿ ಮಹಮೂದಾ ಬಾಗಿಲಲ್ಲೇ ನಿಂತು ಹೂವನ್ನು ನೋಡಿದರು, ಒಂಟಿ ಚಪ್ಪಲಿಯನ್ನು ನೋಡಿದರು. ಅವರ ಮನೆಮಾತು ಉರ್ದು. ಆದರೆ ಗಂಡನನ್ನು ಬೈಯುವಾಗ ಮಾತ್ರ ಮಹಮೂದಾ ಕನ್ನಡಕ್ಕೆ ತಿರುಗುತ್ತಿದ್ದರು. ಅಕ್ಕಪಕ್ಕದವರಿಗೂ ಅರ್ಥವಾಗಿ ಅವರ ಬೆಂಬಲ ಸಿಗಲಿ ಎಂಬುದು ಅದರ ಹಿಂದಿನ ಲೆಕ್ಕ.

“ಇದೇನ್ರೀ ಇದು? ಮದುವೆ ದಿನ ಬಿಟ್ರೆ ಇವತ್ತೇ ನೀವು ಹೂವ ಮುಡ್ಕಂಡಿರೋದು!”

ಕೇಳಿ ಅಕ್ಕಪಕ್ಕದವರು ನಕ್ಕರು. ಮಹಮೂದಾ ನಗಲಿಲ್ಲ. ಮರುದಿನವೇ ಗಂಡನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಸೂಜಿಗೆ ದಾರ ಪೋಣಿಸುವ ಕಣ್ಣು ಚೆನ್ನಾಗಿಯೇ ಇದೆ ಎಂದರು ವೈದ್ಯರು. ಕಿವಿಯ ಪರೀಕ್ಷೆಯನ್ನು ಮಹಮೂದಾ ತಾವೇ ಮಾಡಿದರು. ಅಡಿಗೆಮನೆಯ ಒಳಗಿನಿಂದ ಪಿಸುದನಿಯಲ್ಲಿ “ಚಹಾ?” ಎಂದರು. ವರಾಂಡದಿಂದ “ಕೊಡು” ಎಂಬ ಉತ್ತರ ಬಂತು. ಇನ್ನು ಉಳಿದದ್ದು ವಯಸ್ಸೊಂದೇ. ಅದಕ್ಕೆ ಮದ್ದಿಲ್ಲವೆಂದು ನಿರ್ಧರಿಸಿ ಸೈಕಲ್ಲನ್ನು ಕಿಟಕಿಯ ಸರಳಿಗೆ ಸರಪಳಿಯಿಂದ ಬಿಗಿದರು.

ಇನಾಯತ್ ಉಲ್ಲಾ ಎದುರಾಡಲಿಲ್ಲ. ಲಾರಿಯ ಚಕ್ರವನ್ನು ಅವರೂ ನೋಡಿದ್ದರು. ತನಗೆ ವಯಸ್ಸಾಯಿತು ಎಂಬ ಮಾತನ್ನು ಬೇರೆಯವರು ಹೇಳಿದಾಗ ನಕ್ಕುಬಿಡಬಹುದು. ತಾವೇ ನಂಬತೊಡಗಿದಾಗ ಅದು ಬೇರೆಯೇ ಸಂಗತಿ. ಅವರು ಆಟೋದಲ್ಲಿ ಅಂಗಡಿಗೆ ಹೋಗತೊಡಗಿದರು. ಇಬ್ಬರ ನಡುವೆ ಸಿಕ್ಕಿಕೊಂಡು, ಇನ್ನೊಬ್ಬರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಾದುಹೋಗುವ ಊರನ್ನು ಚಾಲಕನ ಮೊಣಕೈ ಸಂದಿಯಿಂದ ನೋಡುತ್ತ. ಯಾರಿಗೂ ಕೈ ಎತ್ತಲು ಅಲ್ಲಿ ಜಾಗವಿರಲಿಲ್ಲ. ವಾರ ಕಳೆಯುವುದರೊಳಗೆ ಸಾಬರಿಗೆ ಹುಷಾರಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಯಾರೋ ಅಂಗಡಿಗೆ ಮೂಸಂಬಿ ತಂದುಕೊಟ್ಟು ಹೋದರು. ಆ ಮೂಸಂಬಿ ಸುಲಿಯುತ್ತ ಅವರು ಮೊದಲ ಬಾರಿಗೆ ತಾನು ನಿಜವಾಗಿಯೂ ಕಾಯಿಲೆಯವನೋ ಏನೋ ಎಂದುಕೊಂಡರು.

ಮಹಮೂದಾ ಇದನ್ನೆಲ್ಲ ಗಮನಿಸುತ್ತಿದ್ದರು. ಒಂದು ದಿನ ಹೇಳಿದರು: “ಗುಂಡ್ಲುಪೇಟೆಗೆ ಹೋಗಿ ನಾಜ್ನೀನ್ ಮನೇಲಿ ನಾಲ್ಕು ದಿನ ಇದ್ದು ಬನ್ನಿ. ಹಾಲು ಹಾಕೋ ಮರಿಯಯ್ಯ ಸೈಕಲ್ ಕೇಳ್ತಾ ಅವ್ನೆ. ನೀವು ಬರೋದ್ರೊಳಗೆ ಕೊಟ್ಬುಡ್ತೀನಿ. ಕಣ್ಣೆದುರಿಗೆ ಕೊಟ್ರೆ ನಿಮಗೂ ಸಂಕಟ, ನನಗೂ ಸಂಕಟ.”

ಈ ಸಲ ಅವರು ಕನ್ನಡದಲ್ಲಿ ಮಾತಾಡಿದ್ದು ಬೈಯುವುದಕ್ಕಲ್ಲ; ಉರ್ದುವಿನಲ್ಲಿ ಹೇಳಿದರೆ ಅಳು ಬರಬಹುದೆಂಬ ಅಳುಕಿನಿಂದ. ಇನಾಯತ್ ಉಲ್ಲಾ ಹೊರಡುವ ಮುನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟರು. ಕೊಡುವ ವಸ್ತುವನ್ನು ಕೀರಲು ಸದ್ದಿನೊಂದಿಗೆ ಕೊಡಬಾರದು ಎಂದರು.

ಗುಂಡ್ಲುಪೇಟೆಯಲ್ಲಿ ಅದು ಓಣಂ ಹಬ್ಬದ ಕಾಲ. ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿ ಊರ ನಡುವೆಯೇ ಹಾದುಹೋಗುತ್ತದೆ. ಚೆಂಡುಹೂವಿನ ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳಲು ಕಾರುಗಳು ಎಲ್ಲೆಂದರಲ್ಲಿ ನಿಲ್ಲುತ್ತಿದ್ದವು, ಬಾಗಿಲುಗಳು ಯಾವ ಕಡೆಗೆಂದರೆ ಆ ಕಡೆಗೆ ತೆರೆದುಕೊಳ್ಳುತ್ತಿದ್ದವು. ಸಂಜೆಯಾಯಿತೆಂದರೆ ಇನ್ನೊಂದು ಬಗೆಯ ಗಡಿಬಿಡಿ. ರಾತ್ರಿ ಬಂಡೀಪುರದ ಗೇಟು ಮುಚ್ಚುವ ಮೊದಲು ಕಾಡು ದಾಟಬೇಕೆಂದು ವಾಹನಗಳು ಒಂದನ್ನೊಂದು ತಳ್ಳಿಕೊಂಡು ಹೋಗುವ ಹಾಗೆ ಓಡುತ್ತಿದ್ದವು. ಈ ಗೇಟಿನ ಅವಸರವನ್ನು ಬಲ್ಲ ಊರಿನವರು ಆ ಹೊತ್ತಿನಲ್ಲಿ ಮಕ್ಕಳನ್ನು ರಸ್ತೆ ದಾಟಲು ಬಿಡುವುದಿಲ್ಲ.

ಮಗಳು ನಾಜ್ನೀನಳ ಗಂಡ ಮುಜೀಬ್ ಬಸ್ ನಿಲ್ದಾಣದ ಎದುರು ಹಣ್ಣಿನ ಅಂಗಡಿ ಇಟ್ಟಿದ್ದ. ಪ್ರವಾಸಿಗರೊಂದಿಗೆ ಮಲಯಾಳ, ಊಟಿಯ ಚಾಲಕರೊಂದಿಗೆ ತಮಿಳು, ರೈತರೊಂದಿಗೆ ಕನ್ನಡ ಆಡುತ್ತ, ಮನೆಗೆ ಬರುವಷ್ಟರಲ್ಲಿ ಮಾತೇ ಉಳಿಯದಷ್ಟು ದಣಿಯುತ್ತಿದ್ದ. ಒಂದು ಸಂಜೆ ಅಂಗಡಿಯಲ್ಲಿ ಚೀಲಗಳು ಮುಗಿದುಹೋದವು. ಮನೆಯಲ್ಲಿ ಕಟ್ಟು ಇತ್ತು. ಸ್ಕೂಟರು ಹಬ್ಬದ ವಾಹನಗಳ ಸಾಲಿನ ಮಧ್ಯೆ ಅಲುಗಾಡುವಂತಿರಲಿಲ್ಲ, ಗಿರಾಕಿಗಳು ಸುತ್ತ ನಿಂತಿದ್ದರು.

“ನಾನು ತರ್ತೀನಿ ಬಿಡಪ್ಪ” ಎಂದರು ಮಾವ. ಬಾಳೆಗೊನೆ ಸಾಗಿಸುವ ಹಳೆಯ ಸೈಕಲ್ಲೊಂದು ಗೋಡೆಗೆ ಒರಗಿತ್ತು. ಬೇಡವೆನ್ನಲು ಮುಜೀಬನಿಗೆ ಆ ಕ್ಷಣದಲ್ಲಿ ಯಾವ ಭಾಷೆಯೂ ಒದಗಲಿಲ್ಲ.

ಮನೆಯ ಮುಂದೆ ತಂದೆ ಸೈಕಲ್ಲಿನಿಂದ ಇಳಿದದ್ದನ್ನು ಕಂಡು ನಾಜ್ನೀನಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

“ಅಬ್ಬಾ! ಸೈಕಲ್ಲಾ? ಈ ರೋಡಲ್ಲಾ? ಅಮ್ಮಿಗೆ ಗೊತ್ತಾದ್ರೆ ನನ್ನ ಕಥೆ ಏನು?”

“ಚೀಲದ ಕಟ್ಟು ಕೊಡಮ್ಮ, ಗಿರಾಕಿ ಕಾಯ್ತಾ ಅವ್ರೆ. ಅಮ್ಮಿಗೆ ಯಾಕೆ ಗೊತ್ತಾಗ್ಬೇಕು?”

ಅವರು ಹೋದರು, ಕ್ಷೇಮವಾಗಿ ತಲುಪಿದರು. ಮರುದಿನ ಊಟದ ಡಬ್ಬಿ ಒಯ್ದರು. ಅದರ ಮರುದಿನ ಯಾರೂ ಹೇಳದೆಯೇ ಒಯ್ದರು. ನಾಜ್ನೀನಳಿಗೆ ಸಮಾಧಾನವಾಗಲಿಲ್ಲ, ಸಂಶಯವೂ ಹೋಗಲಿಲ್ಲ. ಸಣ್ಣ ಊರಿನಲ್ಲಿ ಮೂರು ಸಲ ಬಿದ್ದವರು ಈ ಹೆದ್ದಾರಿಯಲ್ಲಿ ಒಂದು ಸಲವೂ ತಡವರಿಸುವುದಿಲ್ಲವೆಂದರೆ ಹೇಗೆ? ಒಂದು ಮಧ್ಯಾಹ್ನ ಅವಳು ಗಂಡನ ಸ್ಕೂಟರು ತೆಗೆದುಕೊಂಡು ಸದ್ದಿಲ್ಲದೆ ತಂದೆಯ ಹಿಂದೆ ಹೊರಟಳು.

ತನ್ನ ಬಾಲ್ಯದಲ್ಲಿ ಕಂಡ ಅಬ್ಬಾ ಅಲ್ಲಿದ್ದರು. ಬೆನ್ನು ನೆಟ್ಟಗೆ, ಎರಡು ಕೈಯೂ ಹ್ಯಾಂಡಲಿನ ಮೇಲೆ. ಕಾರಿನೊಳಗೆ ತಲೆ ಅಲುಗಿದ್ದನ್ನು ಕಂಡು ಮೊದಲೇ ದೂರ ಸರಿದರು. ಮರುಕ್ಷಣ ಬಾಗಿಲು ತೆರೆಯಿತು. ಲಾರಿ ಬಂದಾಗ ಬದಿಗೆ ನಿಂತು ಅದು ಪೂರ್ತಿ ಹೋದ ಮೇಲೆಯೇ ಪೆಡಲ್ ತುಳಿದರು. ವಯಸ್ಸಾದವರು ಹೀಗೆ ಓಡಿಸುತ್ತಾರೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಅಂಗಡಿ ಇನ್ನೇನು ಹತ್ತು ಹೆಜ್ಜೆ ಇದೆ ಎನ್ನುವಾಗ ನಿಲ್ದಾಣದಿಂದ ಚಾಮರಾಜನಗರದ ಬಸ್ಸು ಹೊರಬಂತು. ಚಾಲಕನ ಕಿಟಕಿಯಿಂದ ಒಂದು ಪರಿಚಿತ ತಲೆ ಹೊರಗೆ ಚಾಚಿಕೊಂಡಿತು.

“ಇನಾಯತ್ ಸಾಬ್ರೇ! ಇಲ್ಲೇನ್ ಮಾಡ್ತಾ ಇದ್ದೀರಿ?”

ಬಲಗೈ ಮೇಲೆದ್ದಿತು. ನಾಜ್ನೀನ್ ಕಣ್ಣಾರೆ ನೋಡಿದಳು: ಕೈ ಹಣೆ ಮುಟ್ಟಿತು, ಮುಖದ ತುಂಬ ನಗು ತುಂಬಿತು, ಸೈಕಲ್ ಎಡಕ್ಕೆ ತಿರುಗಿತು. ಊಟದ ಡಬ್ಬಿಯ ಸಮೇತ ಇನಾಯತ್ ಉಲ್ಲಾ ನೇರವಾಗಿ ಅಳಿಯನ ಬಾಳೆಗೊನೆಗಳ ರಾಶಿಯೊಳಗೆ ಹೋಗಿ ಕೂತರು.

ಮಹದೇವಯ್ಯ ಬಸ್ಸು ನಿಲ್ಲಿಸಿ ಇಳಿದು ಬಂದ. ಮುಜೀಬ್ ತಕ್ಕಡಿ ಬಿಟ್ಟು ಓಡಿ ಬಂದ. ನಾಜ್ನೀನ್ ಮಾತ್ರ ಸ್ಕೂಟರನ್ನು ಹಿಡಿದುಕೊಂಡು ನಿಂತಲ್ಲಿಯೇ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯದಷ್ಟು.

“ಮಾವ ಬಿದ್ದವ್ರೆ, ನಗ್ತಾ ಇದ್ದೀಯಲ್ಲ!” ಎಂದ ಮುಜೀಬ್.

“ಬಿದ್ದದ್ದಲ್ಲ ರೀ, ಸಿಕ್ಕಿದ್ದು! ಅಬ್ಬಾನ ಕಾಯಿಲೆ ಸಿಕ್ತು!”

ಅಲ್ಲಿಯೇ ನಿಂತು ತಾಯಿಗೆ ಫೋನ್ ಮಾಡಿದಳು. “ಅಮ್ಮೀ, ಕಣ್ಣಲ್ಲ, ಕಿವಿಯಲ್ಲ, ವಯಸ್ಸೂ ಅಲ್ಲ. ಸಲಾಮು! ಇಲ್ಲಿ ಯಾರೂ ಗುರುತಿನವರಿಲ್ಲ, ಅದಕ್ಕೇ ಬೀಳಲಿಲ್ಲ. ಒಬ್ಬರು ಸಿಕ್ಕಿದರು ನೋಡು, ಬಿದ್ದರು!”

ಮಹಮೂದಾ ಮೂರು ಬೀಳುವಿಕೆಗಳನ್ನೂ ಮನಸ್ಸಿನಲ್ಲಿ ಒಂದೊಂದಾಗಿ ಹರಡಿ ನೋಡಿದರು. ಔಷಧಿ ಅಂಗಡಿ, ಮೇಷ್ಟ್ರು, ಬಸ್ಸಿನ ಹಾರನ್. ಕೊನೆಗೆ ಕೇಳಿದರು: “ಈಗ ಪೆಟ್ಟಾಗಿದೆಯಾ?”

“ಬಾಳೆಹಣ್ಣಿಗೆ ಆಗಿದೆ.”

“ಮರಿಯಯ್ಯ ನಾಳೆ ಬರ್ತಾನೆ. ತಡಿ ಅಂತೀನಿ. ಆದ್ರೆ ಅವರಿಗೆ ಹೇಳು: ಸೈಕಲ್ ಬೇಕಂದ್ರೆ ರೋಡಲ್ಲಿ ಯಾರಿಗೂ ಕೈ ಎತ್ತಕೂಡ್ದು. ಎತ್ತಿದ್ದು ನನ್ನ ಕಿವಿಗೆ ಬಿತ್ತೋ, ಸೈಕಲ್ ಅವತ್ತೇ ಮರಿಯಯ್ಯಂದು.”

ಇನಾಯತ್ ಉಲ್ಲಾ ಸಿಪ್ಪೆ ಜಾರಿದ ಹಣ್ಣೊಂದನ್ನು ಜುಬ್ಬದಿಂದ ಬಿಡಿಸಿಕೊಳ್ಳುತ್ತ ಒಪ್ಪಿದರು. ತನಗೆ ವಯಸ್ಸಾಗಿಲ್ಲವೆಂಬ ಸಂತೋಷದಲ್ಲಿ ಆ ಹೊತ್ತಿಗೆ ಅವರು ಏನನ್ನು ಬೇಕಾದರೂ ಒಪ್ಪುತ್ತಿದ್ದರು.

ಒಪ್ಪಿದ್ದು ಏನೆಂದು ಗೊತ್ತಾದದ್ದು ಊರಿಗೆ ಮರಳಿ ಸೈಕಲ್ ಏರಿದ ಮೇಲೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ಕಂಡವರಿಗೆಲ್ಲ ಕತ್ತು ಅಲ್ಲಾಡಿಸುತ್ತ ಹೊರಟರು. ವಾಹನಗಳ ನಡುವೆ ಆ ಕತ್ತಿನ ಅಲುಗಾಟ ಯಾರಿಗೂ ಕಾಣಿಸಲಿಲ್ಲ. ಔಷಧಿ ಅಂಗಡಿಯವನು ಮುಗಿದ ಕೈಯನ್ನು ಹಾಗೆಯೇ ಇಳಿಸಿಕೊಂಡ. ಯಶೋದಮ್ಮ ಹೂವು ಕಟ್ಟುತ್ತಿದ್ದ ದಾರವನ್ನು ಬಾಯಲ್ಲಿ ಕಚ್ಚಿಕೊಂಡೇ ಅವರು ಹೋದ ದಾರಿಯನ್ನು ನೋಡಿದರು. ಎದುರಿಗೆ ಬಂದ ನೀಲಕಂಠಸ್ವಾಮಿಯವರ ಮುಂದೆ ಇಳಿಯದೆ ಹಾದುಹೋಗುವಾಗ ಇನಾಯತ್ ಉಲ್ಲಾ ಅವರ ಕಿವಿ ಬಿಸಿಯಾಯಿತು. ಬೆನ್ನ ಹಿಂದೆ ತಂದೆಯೇ ನಿಂತು ನೋಡುತ್ತಿದ್ದಾರೆ ಎನ್ನಿಸಿತು.

ಮಧ್ಯಾಹ್ನದೊಳಗೆ ಅಂಗಡಿಗೆ ವಿಚಾರಣೆ ಬಂತು. ಔಷಧಿ ಅಂಗಡಿಯವನು ಕರೆಯದೆ ಬಂದು, ಕಳೆದ ಸಲದ ಪ್ಯಾಂಟು ಚೆನ್ನಾಗಿಯೇ ಇದೆ, ಉದ್ದವಾಯಿತೆಂದು ತಾನೆಲ್ಲೂ ಹೇಳಿಲ್ಲ, ಯಾರೋ ಚಾಡಿ ಹೇಳಿರಬೇಕು ಎಂದ. ಮೇಷ್ಟ್ರು ಮನೆಯಿಂದ ಹೇಳಿಕಳುಹಿಸಿದರು: ಇನಾಯತನಿಗೆ ಮನೆಯಲ್ಲಿ ಏನಾದರೂ ತೊಂದರೆಯೇ? ಇನಾಯತ್ ಉಲ್ಲಾ ಅವತ್ತು ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿದರು. ಕತ್ತರಿ ಕೆಳಗಿಟ್ಟರು. ಜನರನ್ನು ಕಂಡೂ ಕಾಣದವನ ಹಾಗೆ ಹೋಗುವ ಸವಾರಿ ತನಗೆ ಬೇಕಾಗಿಲ್ಲವೆಂಬುದು ಅವರಿಗೆ ನಿಧಾನವಾಗಿ ಖಚಿತವಾಯಿತು. ಸೈಕಲ್ಲು ಮರಿಯಯ್ಯನಿಗೇ ಹೋಗಲಿ.

ಸಂಜೆ ಸೈಕಲ್ಲನ್ನು ತಳ್ಳಿಕೊಂಡು, ಸಿಕ್ಕವರಿಗೆಲ್ಲ ತುಂಬು ಕೈಯಿಂದ ಸಲಾಂ ಮಾಡುತ್ತ ಮನೆಯ ಕಡೆ ಹೊರಟರು. ಭುವನೇಶ್ವರಿ ವೃತ್ತದಲ್ಲಿ ಯಶೋದಮ್ಮ ಅಡ್ಡಗಟ್ಟಿದರು.

“ನಿಂತ್ಕಳಿ ಸಾಬ್ರೇ. ಬೆಳಿಗ್ಗೆ ಮಾತಿಲ್ಲ, ಕತೆಯಿಲ್ಲ, ಮಕ ತಿರುಗುಸ್ಕಂಡ್ ಓಗ್ಬುಟ್ರಿ. ಈಗ್ ನೋಡುದ್ರೆ ಕೈ ಎತ್ತೀರಿ. ನಮ್ ಮ್ಯಾಲೆ ಕ್ವಾಪವಾ? ಹೂವಿಗೆ ನಾನೇನಾರ ಅಂದ್ನಾ?”

“ಕ್ವಾಪ ಅಲ್ಲ ಕಣಮ್ಮ.” ಇನಾಯತ್ ಉಲ್ಲಾ ನಡೆದದ್ದನ್ನೆಲ್ಲ ಹೇಳಿದರು, ಬಾಳೆಗೊನೆಯನ್ನೂ ಬಿಡಲಿಲ್ಲ. “ಸೈಕಲ್ ಬೇಕಂದ್ರೆ ಕೈ ಎತ್ತಂಗಿಲ್ಲ. ಕೈ ಎತ್ತಬೇಕಂದ್ರೆ ಸೈಕಲ್ ಇಲ್ಲ. ನಾನು ಕೈನೇ ಇಟ್ಕತೀನಿ.”

ಯಶೋದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಸ್ಸುಗಳ ಹಾರನ್ನನ್ನೂ ಮೀರಿ ಹೂವು ಕೂಗಿ ಮಾರುವ ಗಂಟಲು ಅವರದು.

“ಅಲ್ಲಾ ಸಾಬ್ರೇ, ನೀವು ಕೈ ಎತ್ತದು ಯಾಕೆ? ನಾವು ಎತ್ತುದ್ರೆ ಬುಡಾಕಾಗಲ್ಲ ಅಂತ. ನಾವೇ ಎತ್ನಿಲ್ಲ ಅಂದ್ರೆ?”

“ಅದ್ ಹೆಂಗಾಯ್ತದಮ್ಮ, ಸವಾರಿಯವನೇ ಮೊದಲು—”

“ನಿಮ್ ಸವಾರಿ ಸಾಕು ಕಣ್ ಬುಡಿ! ನಾಳೆ ಬೆಳಿಗ್ಗೆ ಹತ್ಕಂಡ್ ಬನ್ನಿ. ತಳ್ಕಂಡ್ ಬಂದ್ರೋ, ನಾನೇ ಮನೆಗ್ ಬಂದು ಮಹಮೂದಮ್ಮುನ್ ಜೊತೆ ಸೇರ್ಕಂಡ್ ಬಯ್ತೀನಿ.”

ಈ ಬೆದರಿಕೆಗೆ ಅವರು ಮಣಿದರು. ಮರುದಿನ ಬೆಳಿಗ್ಗೆ ಹೆಂಡತಿಗೆ, ಇದೊಂದು ಸಲ ಹೋಗಿ ಬಂದು ಆಮೇಲೆ ಸೈಕಲ್ಲನ್ನು ಕೊಟ್ಟುಬಿಡೋಣ ಎಂದರು.

ಗಾಳೀಪುರ ದಾಟಿ ಮುಖ್ಯರಸ್ತೆಗೆ ಸೇರುತ್ತಿದ್ದ ಹಾಗೆ ದೂರದಿಂದಲೇ ಯಶೋದಮ್ಮ ಕಂಡರು. ಅವರು ಕೈಮುಗಿಯಲಿಲ್ಲ. ಎರಡು ಮುಷ್ಟಿಯನ್ನೂ ಮುಂದಕ್ಕೆ ಚಾಚಿ, ಇಲ್ಲದ ಹ್ಯಾಂಡಲೊಂದನ್ನು ಹಿಡಿದವರಂತೆ ತೋರಿಸಿ ಕೂಗಿದರು:

“ಹ್ಯಾಂಡ್ಲು ಇಡ್ಕಳಿ ಸಾಬ್ರೇ!”

ಮೇಲೇಳಲು ಹೊರಟ ಬಲಗೈ ಬೆಚ್ಚಿ ಹ್ಯಾಂಡಲಿಗೇ ಅಂಟಿಕೊಂಡಿತು. “ಇಡ್ಕಂಡಿವ್ನಿ ಕಣಮ್ಮೋ!” ಎಂಬ ಉತ್ತರ ಅವರ ಬಾಯಿಂದ ತಾನಾಗಿಯೇ ಹೊರಬಿತ್ತು. ಅಷ್ಟು ಗಟ್ಟಿಯಾಗಿ ತಾವು ಕೂಗಬಲ್ಲೆವೆಂದು ಅವರಿಗೇ ಗೊತ್ತಿರಲಿಲ್ಲ.

ಯಶೋದಮ್ಮ ಹಿಂದಿನ ಸಂಜೆಯೇ ಬೀದಿಗೆಲ್ಲ ಹೇಳಿಟ್ಟಿದ್ದರು. ಔಷಧಿ ಅಂಗಡಿಯ ಮೆಟ್ಟಿಲಿಂದ “ಹ್ಯಾಂಡ್ಲು!” ಚಹಾದ ಅಂಗಡಿಯಿಂದ ಎರಡು ಮೂರು ಗಂಟಲು ಒಟ್ಟಿಗೆ “ಹ್ಯಾಂಡ್ಲು ಸಾಬ್ರೇ!” ಮಹದೇವಯ್ಯನ ಬಸ್ಸು ಎದುರಾಯಿತು, ಅವನು ಹಾರನ್ ಮುಟ್ಟಲಿಲ್ಲ, ತನ್ನ ದೊಡ್ಡ ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ತೋರಿಸಿದ. ಪ್ರತಿಯೊಬ್ಬರಿಗೂ ಅವರು ಗಂಟಲೆತ್ತಿ ಉತ್ತರ ಕೊಟ್ಟರು. ಸಲಾಮಿಗೆ ಸಲಾಂ ಸಂದಿತ್ತು, ಕೈ ಮಾತ್ರ ಎದ್ದಿರಲಿಲ್ಲ.

ಉಳಿದವರು ಮೇಷ್ಟ್ರು. ದೊಡ್ಡಂಗಡಿ ಬೀದಿಯ ಬಾಯಿಯಲ್ಲಿ ಕೈಚೀಲ ಹಿಡಿದು ಬರುತ್ತಿದ್ದ ನೀಲಕಂಠಸ್ವಾಮಿಯವರನ್ನು ಕಂಡು ಇನಾಯತ್ ಉಲ್ಲಾ ಅವರ ಪಾದ ಪೆಡಲಿನ ಮೇಲೆ ಸಡಿಲವಾಯಿತು. ಕೂಗುವುದು ಗುರುಗಳೊಂದಿಗೆ ಸಲ್ಲದು. ಇಳಿಯಲೇಬೇಕು. ಹಿಂದೆ ಸ್ಕೂಟರುಗಳ ಸಾಲು ಇತ್ತು.

ಮೇಷ್ಟ್ರು ಶಿಷ್ಯನನ್ನು ನೋಡಿದರು. ಕೂಡಲೇ ಪಕ್ಕದ ಗೋಡೆಯ ಕಡೆಗೆ ತಿರುಗಿ, ಶಿಷ್ಯನಿಗೆ ಪೂರ್ತಿ ಬೆನ್ನು ಹಾಕಿ, ಅಲ್ಲಿ ಅಂಟಿಸಿದ್ದ ಕೋಚಿಂಗ್ ತರಗತಿಯ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮುಖ ಕಾಣದ ಹಿರಿಯರ ಮುಂದೆ ಇಳಿಯಬೇಕೆಂಬ ನಿಯಮವಿಲ್ಲ. ಸೈಕಲ್ ಹತ್ತಿರ ಬಂದಾಗ ಗೋಡೆಯ ಕಡೆಯಿಂದಲೇ ಮಾತು ಬಂತು: “ಹೋಗಯ್ಯ ಇನಾಯತ್, ಹೋಗು. ನಾನು ಓದ್ತಾ ಇದ್ದೀನಿ.”

ಅವರು ನಿಲ್ಲದೆ ಹಾದುಹೋದರು. ತಮಗೆ ಅಷ್ಟು ಗೌರವವನ್ನು ಈವರೆಗೆ ಯಾರೂ ಮುಖ ತೋರಿಸಿ ಕೊಟ್ಟಿರಲಿಲ್ಲವೆಂದು ಅವರಿಗೆ ಅನ್ನಿಸಿತು.

ಅಂಗಡಿಯ ತಿರುವಿಗೆ ಮುಂಚೆ ಪಕ್ಕದಲ್ಲಿ ಒಂದು ಆಟೋ ಬಂದು ವೇಗ ತಗ್ಗಿಸಿತು. ಅದು ಗಾಳೀಪುರದಿಂದಲೂ ಹಿಂದೆ ಬರುತ್ತಿದ್ದದ್ದನ್ನು ಅವರು ಗಮನಿಸಿರಲಿಲ್ಲ. ಒಳಗಿನಿಂದ ಬುರ್ಖಾದ ಅಂಚು ಸರಿದು ಮಹಮೂದಾರ ಮುಖ ಹೊರಗೆ ಬಂತು. ದಾರಿಯುದ್ದಕ್ಕೂ ನಕ್ಕು ಆ ಮುಖ ಕೆಂಪಾಗಿತ್ತು. ಹೆಂಡತಿಯನ್ನು ಬೀದಿಯಲ್ಲಿ ಹಾಗೆ ಕಂಡು ಇನಾಯತ್ ಉಲ್ಲಾ ಅವರ ಬಲಗೈ, ಯಾರ ಮಾತನ್ನೂ ಕೇಳದೆ, ಮಿಸುಕಿತು.

“ಹ್ಯಾಂಡ್ಲು!” ಎಂದು ಕೂಗಿದರು ಮಹಮೂದಾ, ಇಡೀ ಬೀದಿಗೆ ಕೇಳುವಂತೆ, ಕನ್ನಡದಲ್ಲಿ.

“ಇಡ್ಕಂಡಿವ್ನಿ!”

ಆಟೋ ಅವರ ಜೊತೆ ಮುಂದೆ ಬರಲಿಲ್ಲ. ಒಂದು ಸುತ್ತು ತಿರುಗಿಕೊಂಡು ಮನೆಯ ದಾರಿ ಹಿಡಿಯಿತು.